ರೇಸಿಗಿಳಿಯದ ಜಾಗ್ವಾರ್ ಎಕ್ಸ್‌ಜೆ13, 1:18 ಮಾದರಿ: ಡಬ್ಬಿಯ ಮೇಲೆ 1966, ಒಳಗೆ 1973

ಕೊಳ್ಳಬಹುದೇ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಕೊಳ್ಳಿ. ಬ್ರಿಟನ್ನಿನ ಜಾಗ್ವಾರ್ ಕಂಪನಿ 1966ರಲ್ಲಿ ರೇಸಿಗೆಂದು ಕಟ್ಟಿ, ರೇಸಿಗಿಳಿಸದೆ ಬಿಟ್ಟ ಎಕ್ಸ್‌ಜೆ13 ಕಾರಿನ ಈ ಡೈಕಾಸ್ಟ್ (ಅಚ್ಚಿಗೆ ಲೋಹ ಹೊಯ್ದು ಮಾಡಿದ) ಮಾದರಿ, ಅಸಲಿಯ ಹದಿನೆಂಟರಲ್ಲೊಂದು ಅಳತೆಯದು, ಕಪಾಟಿನಲ್ಲಿ ಇಟ್ಟು ಮರೆಯುವಂಥದ್ದಲ್ಲ. ತೂಕ ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ, ಹಿಂದಿನ ಮುಚ್ಚಳ ಎತ್ತಿದರೆ ಕಾಣುವ ಎಂಜಿನ್ ಬಹಳ ಚೆನ್ನಾಗಿದೆ. ಆದರೆ ಡಬ್ಬಿಯ ಮೇಲೆ ಅಚ್ಚು ಹಾಕಿರುವ ಇಸವಿ ಸರಿಯಿಲ್ಲ. 1966 ಎಂದು ಬರೆದಿದ್ದಾರೆ. ಒಳಗೆ ಕೂತಿರುವುದು 1973ರ ಕಾರು. ಇದು ಅಷ್ಟು ದೊಡ್ಡ ವಿಷಯವೇ ಎಂದು ಕೇಳಬಹುದು. ಈ ಒಂದು ಕಾರಿನ ಮಟ್ಟಿಗೆ ಅದೇ ದೊಡ್ಡ ವಿಷಯ ಎನ್ನುವುದು ನನ್ನ ಅಭಿಪ್ರಾಯ, ಯಾಕೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ತಯಾರಕರ ಹೆಸರು ಹಾಕುತ್ತಿಲ್ಲ. ಈ ಕಾರಿನ ಮಾದರಿಯನ್ನು ಒಬ್ಬರಿಗಿಂತ ಹೆಚ್ಚು ಮಂದಿ ಮಾಡಿದ್ದಾರೆ, ಇಲ್ಲಿ ಹೇಳುವುದು ಯಾವುದನ್ನು ಕೊಳ್ಳುವಾಗಲೂ ಒಮ್ಮೆ ತಿರುಗಿಸಿ ನೋಡಬೇಕಾದ ಸಂಗತಿಗಳು. ನನ್ನ ಕಸುಬು ಅಲ್ಯೂಮಿನಿಯಂ ತಗಡಿನದು: ಕತ್ತರಿಸುವುದು, ಬಗ್ಗಿಸುವುದು, ರಿವೆಟ್ ಹೊಡೆಯುವುದು. ಹಾಗಾಗಿ ಯಾವ ಮಾದರಿ ಕಾರು ಕೈಗೆ ಬಂದರೂ ಕಣ್ಣು ಮೊದಲು ಹೋಗುವುದು ತಗಡಿನ ಅಂಚಿಗೆ ಮತ್ತು ಕೀಲುಗಳಿಗೆ. ಈ ವಿಮರ್ಶೆಯೂ ಆ ಕಣ್ಣಿನದ್ದೇ.

ರೇಸಿನಲ್ಲಿ ಓಡಿದ ಕಾರಿನ ಮಾದರಿಗೆ ಗುರುತುಗಳು ಬಹಳ. ಬಾಗಿಲ ಮೇಲೆ ಅಂಕಿ, ಮೂತಿಯ ಮೇಲೆ ಪಟ್ಟಿ, ಪ್ರಾಯೋಜಕರ ಸ್ಟಿಕರ್, ಚಾಲಕರ ಹೆಸರು. ಒಂದೇ ಅಚ್ಚಿನಿಂದ ತೆಗೆದ ಫೋರ್ಡ್ ಜಿಟಿ40ಗೆ ಅಂಕಿ ಬದಲಿಸಿದರೆ ಬೇರೆ ವರ್ಷದ, ಬೇರೆ ತಂಡದ ಕಾರು ಸಿದ್ಧ. ಮೈಯ ಆಕಾರದಲ್ಲಿ ಸಣ್ಣಪುಟ್ಟ ವ್ಯತ್ಯಾಸವಿದ್ದರೂ ಅಂಕಿ ಅದನ್ನು ಮುಚ್ಚಿಹಾಕುತ್ತದೆ. ಎಕ್ಸ್‌ಜೆ13ಕ್ಕೆ ಇದ್ಯಾವುದೂ ಇಲ್ಲ. ಅದು ಒಂದು ರೇಸಿನಲ್ಲೂ ಸಾಲಿಗೆ ನಿಲ್ಲಲಿಲ್ಲ, ಆದ್ದರಿಂದ ಅದಕ್ಕೆ ಸ್ಪರ್ಧೆಯ ಅಂಕಿಯೇ ಸಿಗಲಿಲ್ಲ. ಫಲಿತಾಂಶದ ಪಟ್ಟಿಯಲ್ಲಿ ಹೆಸರಿಲ್ಲ. ಕಟ್ಟಿದ್ದೂ ಒಂದೇ ಒಂದು. ಅದು ಬಿಟ್ಟುಹೋಗಿರುವ ದಾಖಲೆಯೆಂದರೆ ಅದರ ಮೈಮಾಟ ಮತ್ತು ಎಂಜಿನ್. ಮಾದರಿ ಮಾಡುವವರು ಆ ಎರಡರಲ್ಲಿ ಎಡವಿದರೆ ಅಂಟಿಸಿ ಸರಿಪಡಿಸಲು ಬೇರೆ ಏನೂ ಉಳಿಯುವುದಿಲ್ಲ.

ಮೊದಲು ಮೂತಿ. ಈ ಮಾದರಿಯ ಅತ್ಯುತ್ತಮ ಭಾಗ ಅದು. ಮುಂದಿನ ಗಾಳಿಬಾಯಿಯಿಂದ ಹೊರಟ ಗೆರೆ ಮಡ್‌ಗಾರ್ಡಿನ ಉಬ್ಬು ಹತ್ತಿ, ಬಾಗಿಲ ಹತ್ತಿರ ಸೊಂಟದಂತೆ ಇಳಿದು, ಮತ್ತೆ ಹಿಂದಿನ ಚಕ್ರದ ಮೇಲೆ ಏರುತ್ತದೆ. ಎಲ್ಲೂ ಮುರಿಯುವುದಿಲ್ಲ. ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದರೆ ಹೊಳಪು ಒಂದೇ ಸಮನೆ ಜಾರುತ್ತದೆ, ಎಲ್ಲೂ ತಡವರಿಸುವುದಿಲ್ಲ. ಈ ಗೆರೆ ಎಳೆದವರು ಮಾಲ್ಕಮ್ ಸೇಯರ್. ಬ್ರಿಸ್ಟಲ್ ವಿಮಾನ ಕಂಪನಿಯಲ್ಲಿ ಕೆಲಸ ಕಲಿತು ಜಾಗ್ವಾರಿಗೆ ಬಂದವರು. ಸಿ-ಟೈಪ್, ಡಿ-ಟೈಪ್, ಇ-ಟೈಪ್ ಮೂರೂ ಅವರವೇ. ಕಾರಿನ ಮೈಯನ್ನು ಅಂದಾಜಿನಲ್ಲಿ ತಿದ್ದಿ ತೀಡುವ ಬದಲು ವಿಮಾನದವರ ಹಾಗೆ ಗಣಿತದಿಂದ ಬಿಂದು ಬಿಂದುವಾಗಿ ಲೆಕ್ಕ ಹಾಕುತ್ತಿದ್ದವರು. ಆ ಲೆಕ್ಕವನ್ನು ಅಲ್ಯೂಮಿನಿಯಂ ತಗಡಿಗೆ ಇಳಿಸಿದ್ದು ಕಾವೆಂಟ್ರಿಯ ಬ್ರೌನ್ಸ್ ಲೇನ್ ಕಾರ್ಖಾನೆಯಲ್ಲಿದ್ದ ಬಾಬ್ ಬ್ಲೇಕ್. ಲೋಹದ ಕಲಾವಿದ ಎಂದು ಜೊತೆಯವರು ಕರೆಯುತ್ತಿದ್ದ ಮನುಷ್ಯ. ಎರಡು ದಿಕ್ಕಿಗೂ ಬಾಗಿದ ತಗಡನ್ನು ಸುಕ್ಕು ಬೀಳದಂತೆ, ತೆಳುವಾಗದಂತೆ ತರುವುದು ಎಂಥ ಕೆಲಸ ಎಂಬುದು ಕೈಯಲ್ಲಿ ಸುತ್ತಿಗೆ ಹಿಡಿದವರಿಗೆ ಗೊತ್ತು. ಅಂಥ ಕೈಗೆ ಈ ಹೆಸರು ಸುಮ್ಮನೆ ಬರುವುದಿಲ್ಲ.

ರಿವೆಟ್ಟುಗಳ ವಿಷಯದಲ್ಲಿ ಮಾದರಿ ಅರ್ಧ ಗೆದ್ದಿದೆ. ಅಸಲಿ ಕಾರು ರಿವೆಟ್ ಹೊಡೆದು ಕಟ್ಟಿದ ಅಲ್ಯೂಮಿನಿಯಂ ಮಾನೊಕಾಕ್. ಒಳಗೆ ಪೈಪಿನ ಚೌಕಟ್ಟಿಲ್ಲ, ತಗಡಿನ ತೊಟ್ಟಿಯೇ ಕಾರಿನ ಬೆನ್ನುಮೂಳೆ. ಈ ಮಾದರಿಯಲ್ಲಿ ಕಾಕ್‌ಪಿಟ್ಟಿನ ಒಳಬದಿಯ ರಿವೆಟ್ ಸಾಲು ಒಂದೊಂದೂ ಬಿಡಿಯಾಗಿ ಕಾಣುತ್ತದೆ, ಉಗುರು ಎಳೆದರೆ ತಡೆಯುತ್ತದೆ. ಹೊರಮೈಯ ಸಾಲುಗಳ ಮೇಲೆ ಬಣ್ಣ ಒಂದು ಪದರ ಹೆಚ್ಚಾಗಿ ಕೂತು ಕೆಲವು ಕಡೆ ಮುಳುಗಿಹೋಗಿವೆ. ಕಡುಹಸಿರು ಬಣ್ಣವೇನೋ ಸೊಗಸಾಗಿದೆ, ಬ್ರಿಟಿಷ್ ರೇಸಿಂಗ್ ಕಾರುಗಳ ಆ ಹಳೆಯ ಹಸಿರು. ತೆಳುವಾಗಿ ಹಚ್ಚಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಈಗ ಹಿಂದಿನ ಮುಚ್ಚಳ ಎತ್ತಿ. ಕೀಲು ಗಟ್ಟಿಯಾಗಿದೆ, ತೆರೆದರೆ ತಾನಾಗಿ ಬೀಳುವುದಿಲ್ಲ. ಒಳಗೆ ವಿ12, ಎಂದರೆ ವಿ ಆಕಾರದಲ್ಲಿ ಕೂತ ಹನ್ನೆರಡು ಸಿಲಿಂಡರಿನ ಎಂಜಿನ್. ಎರಡು ಸಾಲು, ಸಾಲಿಗೆ ಆರರಂತೆ ಹನ್ನೆರಡು ಗಾಳಿ ಕಹಳೆಗಳು ಮೇಲ್ಮುಖವಾಗಿ ನಿಂತಿವೆ. ಪ್ರತಿ ಸಾಲೂ ತನ್ನ ಹೆಡ್ಡಿನ ಎರಡು ಕ್ಯಾಮ್ ಕವರ್‌ಗಳ ನಡುವೆಯೇ ನಿಂತಿದೆ, ಮತ್ತು ಅದು ಸರಿಯಾದ ಜಾಗ. ಈ ಎಂಜಿನ್ನಿನ ವಿಶೇಷವೇ ಅದು: ಹೆಡ್ಡಿಗೆ ಎರಡು ಕ್ಯಾಮ್‌ಶಾಫ್ಟ್ (ಎಂಜಿನ್ನಿನ ಕವಾಟಗಳನ್ನು ತೆರೆಯುವ ದಂಡ), ಒಟ್ಟು ನಾಲ್ಕು, ಗಾಳಿ ಕ್ಯಾಮ್‌ಗಳ ನಡುವಿನಿಂದ ನೇರ ಕೆಳಗೆ ಇಳಿಯುತ್ತದೆ. ಈ ಅಳತೆಯಲ್ಲಿ ಕಹಳೆಗಳನ್ನು ತುಂಬಿದ ಗುಂಡಿಯಂತೆ ಮಾಡಿ ಕಪ್ಪು ಬಣ್ಣ ಬಳಿದು ಕೈತೊಳೆದುಕೊಳ್ಳುವವರೇ ಹೆಚ್ಚು. ಇವರು ನಿಜವಾಗಿ ಟೊಳ್ಳು ಮಾಡಿದ್ದಾರೆ. ಟಾರ್ಚ್ ಹಾಕಿದರೆ ಬೆಳಕು ಒಳಗೆ ಇಳಿಯುತ್ತದೆ.

ಅಸಲಿ ಎಂಜಿನ್ನಿನ ಬೋರ್, ಎಂದರೆ ಸಿಲಿಂಡರಿನ ವ್ಯಾಸ, 87 ಮಿಲಿಮೀಟರ್; ಸ್ಟ್ರೋಕ್, ಎಂದರೆ ಪಿಸ್ಟನ್ ಚಲಿಸುವ ದೂರ, 70. ಒಟ್ಟು 4,994 ಸಿಸಿ. ಲೂಕಾಸ್ ಕಂಪನಿಯ ಮೆಕ್ಯಾನಿಕಲ್ ಫ್ಯುಯೆಲ್ ಇಂಜೆಕ್ಷನ್, ಎಣ್ಣೆಯನ್ನು ಬೇರೆ ಟ್ಯಾಂಕಿನಲ್ಲಿಡುವ ಡ್ರೈ ಸಂಪ್, 7,600 ಆರ್‌ಪಿಎಂನಲ್ಲಿ 502 ಕುದುರೆಶಕ್ತಿ. ಕ್ಲಾಡ್ ಬೈಲಿ, ವಾಲ್ಟರ್ ಹ್ಯಾಸನ್, ಹ್ಯಾರಿ ಮಂಡಿ, ಇವರೆಲ್ಲರ ಮೇಲೆ ಮುಖ್ಯ ಎಂಜಿನಿಯರ್ ವಿಲಿಯಂ ಹೇನ್ಸ್, ಹೀಗೆ ಜಾಗ್ವಾರಿನ ದೊಡ್ಡ ತಲೆಗಳೆಲ್ಲ ಸೇರಿದ ಕೆಲಸ. ಎಂಜಿನ್ ಚಾಲಕನ ಬೆನ್ನ ಹಿಂದೆ, ಅದರ ಹಿಂದೆ ಜೆಡ್ಎಫ್ ಕಂಪನಿಯ ಐದು ಗೇರಿನ ಟ್ರಾನ್ಸ್‌ಆಕ್ಸಲ್ (ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಒಂದೇ ಪೆಟ್ಟಿಗೆಯಲ್ಲಿ). ಇವೆರಡೂ ತೊಟ್ಟಿಯೊಳಗೆ ಸುಮ್ಮನೆ ಕೂತಿರುವ ಭಾರವಲ್ಲ, ಚಾಸಿಯ ಭಾಗವಾಗಿಯೇ ಬಲ ಹೊರುತ್ತವೆ. ಹಿಂದಿನ ಸಸ್ಪೆನ್ಷನ್ನಿನಲ್ಲಿ ಚಕ್ರಕ್ಕೆ ಹೋಗುವ ಶಾಫ್ಟೇ ಮೇಲಿನ ಲಿಂಕಾಗಿಯೂ ದುಡಿಯುತ್ತದೆ, ಇ-ಟೈಪಿನಲ್ಲಿ ಇದ್ದ ಹಾಗೆಯೇ. ಮಾದರಿಯನ್ನು ಬೋರಲು ಹಾಕಿ ನೋಡಿದರೆ ಈ ಶಾಫ್ಟ್ ಇದೆ, ತೊಟ್ಟಿಯಿಂದ ಹಿಂದಕ್ಕೆ ಚಾಚಿದ ಉದ್ದನೆಯ ರೇಡಿಯಸ್ ಆರ್ಮ್‌ಗಳೂ ಇವೆ, ಒಂದೊಂದು ಬದಿಗೆ ಎರಡು. ಯಾರೂ ನೋಡದ ಜಾಗದಲ್ಲಿ ಇಷ್ಟು ಶ್ರದ್ಧೆ ತೋರಿದವರು ಡಬ್ಬಿಯ ಇಸವಿಯಲ್ಲಿ ಯಾಕೆ ಅಸಡ್ಡೆ ಮಾಡಿದರೋ ಎಂದು ನನಗೆ ಬೇಸರ.

ಇಷ್ಟು ಕಟ್ಟಿದ ಮೇಲೆ ಓಡಿಸದೆ ಬಿಟ್ಟಿದ್ದೇಕೆ? ಫ್ರಾನ್ಸಿನ 24 ಗಂಟೆಗಳ ರೇಸಾದ ಲ ಮಾನ್‌ನಲ್ಲಿ ಜಾಗ್ವಾರ್ ಗೊತ್ತಿಲ್ಲದ ಹೆಸರಲ್ಲ. 1951, 1953, 1955, 1956, 1957, ಏಳು ವರ್ಷದಲ್ಲಿ ಐದು ಗೆಲುವು. 1956ರ ಕೊನೆಗೆ ಕಾರ್ಖಾನೆಯ ತಂಡ ರೇಸಿನಿಂದ ಹಿಂದೆ ಸರಿಯಿತು. 1957ರ ಗೆಲುವು ಎಕ್ಯೂರಿ ಎಕೋಸ್ ಎಂಬ ಸ್ಕಾಟ್‌ಲೆಂಡಿನ ಖಾಸಗಿ ತಂಡದ್ದು. ಮತ್ತೆ ಅಲ್ಲಿಗೆ ಹೋಗಬೇಕು ಎಂಬ ಆಸೆಯಿಂದ ಹುಟ್ಟಿದ್ದು ಈ ವಿ12 ಮತ್ತು ಈ ಕಾರು. ಆದರೆ ಎಂಜಿನಿಯರುಗಳಿಗೆ ಇದ್ದ ಹಸಿವು ಆಡಳಿತಕ್ಕೆ ಇರಲಿಲ್ಲ. ಮಾರುವ ಕಾರುಗಳ ಕೆಲಸ ಮೊದಲು, ಇದು ಬಿಡುವು ಸಿಕ್ಕಾಗ. 1966ರಲ್ಲಿ ಕಾರು ಕಟ್ಟಿ ಮುಗಿಯುವ ಹೊತ್ತಿಗೆ ಜಾಗ್ವಾರ್ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಜೊತೆ ವಿಲೀನದ ಹಾದಿಯಲ್ಲಿತ್ತು. ಅದೇ ವರ್ಷ ಜೂನಿನಲ್ಲಿ ಫೋರ್ಡಿನ ಏಳು ಲೀಟರ್ ಕಾರುಗಳು ಲ ಮಾನ್‌ನಲ್ಲಿ ಮೊದಲ ಮೂರೂ ಸ್ಥಾನ ಬಾಚಿಕೊಂಡವು. ಐದು ಲೀಟರಿನ ಎಕ್ಸ್‌ಜೆ13 ಹೆಜ್ಜೆ ಇಡುವ ಮೊದಲೇ ಹಿಂದೆ ಬಿದ್ದಿತ್ತು.

ಕೊನೆಯ ಮೊಳೆ ಹೊಡೆದದ್ದು ನಿಯಮ. 1968ರಿಂದ ಪ್ರೊಟೊಟೈಪ್ ಕಾರುಗಳ, ಎಂದರೆ ಮಾರಾಟಕ್ಕಲ್ಲದೆ ರೇಸಿಗೆಂದೇ ಕಟ್ಟಿದವುಗಳ, ಎಂಜಿನ್ ಮೂರು ಲೀಟರ್ ಮೀರುವಂತಿಲ್ಲ ಎಂದಾಯಿತು. ಐದು ಲೀಟರ್ ತನಕ ಓಡಿಸಬೇಕಾದರೆ ಕನಿಷ್ಠ 50 ಕಾರು ಕಟ್ಟಿರಬೇಕು. ಆ ಸಂಖ್ಯೆ ಮುಂದೆ 25ಕ್ಕೆ ಇಳಿಯಿತು, ಪೋರ್ಷೆ 1969ರಲ್ಲಿ 917 ಎಂಬ ತನ್ನ ರೇಸ್ ಕಾರುಗಳು ಇಪ್ಪತ್ತೈದನ್ನು ಸಾಲಾಗಿ ನಿಲ್ಲಿಸಿ ಪರೀಕ್ಷಕರಿಗೆ ತೋರಿಸಿತು. ಜಾಗ್ವಾರಿನ ಬಳಿ ಇದ್ದದ್ದು ಒಂದು. ಎಕ್ಸ್‌ಜೆ13 ಸೋತ ಕಾರು ಎಂದು ಯಾರಾದರೂ ಬರೆದರೆ ನಾನು ಒಪ್ಪುವುದಿಲ್ಲ. ಸೋಲಲಿಕ್ಕೂ ಮೊದಲು ಕಣಕ್ಕೆ ಇಳಿಯಬೇಕು, ಈ ಕಾರಿಗೆ ಆ ಅವಕಾಶವನ್ನೇ ಕೊಡಲಿಲ್ಲ. ಹಾಗೆಂದು ಓಡಿಸಿದ್ದರೆ ಗೆದ್ದೇ ಬಿಡುತ್ತಿತ್ತು ಎಂಬ ಮಾತೂ ಸರಿಯಲ್ಲ. ಸಿಲ್ವರ್‌ಸ್ಟೋನ್‌ನಲ್ಲಿ ಓಡಿಸಿ ನೋಡಿದಾಗ ಇದು ಪೈಪೋಟಿಗೆ ಸಿದ್ಧವಾಗಲು ಇನ್ನೂ ಬಹಳ ಕೆಲಸ ಬೇಕು ಎಂಬುದು ಸ್ಪಷ್ಟವಾಗಿತ್ತು.

ಆದರೂ ಒಂದು ಸಂಖ್ಯೆ ಈ ಕಾರಿಗೆ ಸೇರಿದ್ದಿದೆ. 1967ರಲ್ಲಿ ಇಂಗ್ಲೆಂಡಿನ ಮೋಟಾರು ಸಂಶೋಧನಾ ಸಂಸ್ಥೆಯಾದ ಮೀರಾದ ಪರೀಕ್ಷಾ ಟ್ರ್ಯಾಕಿನ ಬ್ಯಾಂಕಿಂಗ್ (ಓರೆಯಾಗಿ ಏರಿಸಿದ ತಿರುವು) ಮೇಲೆ ರೇಸ್ ಚಾಲಕ ಡೇವಿಡ್ ಹಾಬ್ಸ್ ಗಂಟೆಗೆ 161.6 ಮೈಲಿ ಸರಾಸರಿಯಲ್ಲಿ ಒಂದು ಸುತ್ತು ಹೊಡೆದರು. ಸುಮಾರು 260 ಕಿಲೋಮೀಟರ್ ವೇಗ. ರೇಸಲ್ಲ, ಪ್ರೇಕ್ಷಕರಿಲ್ಲ, ಅಧಿಕೃತ ದಾಖಲೆಯೂ ಅಲ್ಲ. ಆದರೆ ಆ ಟ್ರ್ಯಾಕಿನ ವೇಗದ ಸುತ್ತು ಎಂದು ಬಹಳ ವರ್ಷ ಹೇಳುತ್ತಿದ್ದದ್ದು ಅದನ್ನೇ. ಮಾದರಿಯ ಡಬ್ಬಿಯಲ್ಲಿ ಒಂದು ಚೀಟಿ ಇದೆ, ಅದರಲ್ಲಿ ಈ ಸುತ್ತಿನ ಮಾತೇ ಇಲ್ಲ. ಗೆಲುವಿಲ್ಲದ ಕಾರಿಗೆ ಇದ್ದ ಒಂದೇ ಹೆಮ್ಮೆಯನ್ನು ಬಿಟ್ಟು ಬಣ್ಣದ ಹೆಸರನ್ನು ಎರಡು ಸಲ ಬರೆದಿದ್ದಾರೆ.

ಇಸವಿಯ ಗೊಂದಲ ಅರ್ಥವಾಗಬೇಕಾದರೆ ಇನ್ನು ನಾಲ್ಕು ವರ್ಷ ಮುಂದೆ ಬರಬೇಕು. 1971. ಜಾಗ್ವಾರಿನ ವಿ12 ಕೊನೆಗೂ ಮಾರಾಟದ ಕಾರಿಗೆ ಬಂದಿತ್ತು, ಮೂರನೇ ಸರಣಿಯ ಇ-ಟೈಪಿಗೆ. ಅದು ನಾಲ್ಕು ಕ್ಯಾಮಿನದಲ್ಲ, ಸಾಲಿಗೊಂದರಂತೆ ಎರಡು ಕ್ಯಾಮಿನ, ಸರಳ ಮಾಡಿದ ಎಂಜಿನ್. ಬೋರ್ 90ಕ್ಕೆ ಏರಿತ್ತು, ಸ್ಟ್ರೋಕ್ ಅದೇ 70, ಒಟ್ಟು 5,343 ಸಿಸಿ. ಅದರ ಪ್ರಚಾರದ ಚಿತ್ರಕ್ಕಾಗಿ ಮೂಲೆಯಲ್ಲಿ ಮುಚ್ಚಿಟ್ಟಿದ್ದ ಎಕ್ಸ್‌ಜೆ13ನ್ನು ಹೊರತೆಗೆದು ಜನವರಿಯಲ್ಲಿ ಮತ್ತೆ ಮೀರಾಗೆ ಒಯ್ದರು. ಓಡಿಸಿದವರು ಜಾಗ್ವಾರಿನ ಪರೀಕ್ಷಾ ಚಾಲಕ ನಾರ್ಮನ್ ಡ್ಯೂಯಿಸ್. ಬ್ಯಾಂಕಿಂಗ್ ಮೇಲೆ ವೇಗದಲ್ಲಿರುವಾಗಲೇ ಹಿಂದಿನ ಚಕ್ರ ಕೈಕೊಟ್ಟಿತು. ಕಾರು ಪಲ್ಟಿ ಮೇಲೆ ಪಲ್ಟಿ ಹೊಡೆಯಿತು. ಮೇಲೆ ಛಾವಣಿಯಿಲ್ಲದ ಕಾರು ಅದು. ಡ್ಯೂಯಿಸ್ ಇಗ್ನಿಷನ್ ಆರಿಸಿ ಡ್ಯಾಶಿನ ಕೆಳಗೆ ಮುದುಡಿಕೊಂಡರು, ಮತ್ತು ಗಾಯವಿಲ್ಲದೆ ಹೊರಬಂದರು. ಮಾದರಿಯ ಕಾಕ್‌ಪಿಟ್ಟನ್ನು ನೋಡಿದಾಗ ಆ ಮಾತು ಇನ್ನೂ ಗಟ್ಟಿಯಾಗಿ ಮನಸ್ಸಿಗೆ ನಾಟುತ್ತದೆ. ಬಲಗಡೆ ಸ್ಟಿಯರಿಂಗ್, ಎರಡು ಸೀಟು, ಅಡ್ಡಕ್ಕೆ ಬಾಗಿದ ತೆಳು ಗಾಜು, ಡ್ಯಾಶಿನ ಕೆಳಗೆ ಒಂದಿಷ್ಟು ಕತ್ತಲೆ ಜಾಗ. ಒಬ್ಬ ಮನುಷ್ಯ ಅಲ್ಲಿ ಅಡಗಿ ಬದುಕಿದ.

ಕಾರು ಮಾತ್ರ ಬದುಕಿದಂತೆ ಇರಲಿಲ್ಲ. ಅವಶೇಷವನ್ನು ಮತ್ತೆ ಗೋದಾಮಿಗೆ ಸೇರಿಸಿದರು. ಅದನ್ನು ಅಲ್ಲಿ ನೋಡಿ, ನಾವು ಕಟ್ಟಿಕೊಡುತ್ತೇವೆ ಎಂದು ಜಾಗ್ವಾರಿನ ಹಿರಿಯ ಅಧಿಕಾರಿ ಲಾಫ್ಟಿ ಇಂಗ್ಲೆಂಡ್ ಅವರ ಮುಂದೆ ಹೇಳಿದವರು ಅಬ್ಬೆ ಪ್ಯಾನೆಲ್ಸ್ ಎಂಬ ತಗಡಿನ ಕೆಲಸದ ಕಂಪನಿಯ ಎಡ್ವರ್ಡ್ ಲೋಡ್ಸ್. ಮೊದಲು ಕಟ್ಟುವಾಗ ಮಾಡಿದ್ದ ಜಿಗ್ಗುಗಳಲ್ಲಿ (ತಗಡನ್ನು ಆಕಾರಕ್ಕೆ ತರುವ ಅಚ್ಚುಗಳಲ್ಲಿ) ಕೆಲವು ಉಳಿದಿದ್ದವು, ಅವುಗಳ ಮೇಲೆಯೇ ಹೊಸ ಮೈ ಬಡಿದರು. 1973ರಲ್ಲಿ ಕಾರು ಸಿಲ್ವರ್‌ಸ್ಟೋನ್‌ನಲ್ಲಿ ಜನರ ಮುಂದೆ ಬಂತು. ತಗಡಿನವರು ತಗಡಿನ ಕಾರೊಂದನ್ನು ಗುಜರಿಗೆ ಹೋಗಲು ಬಿಡದೆ ಎತ್ತಿಕೊಂಡು ಬಂದ ಕಥೆ ಇದು, ನನಗೆ ಇಡೀ ಚರಿತ್ರೆಯಲ್ಲಿ ಬಹಳ ಇಷ್ಟವಾಗುವ ಭಾಗ. ಆದರೆ ಕೆಲವೇ ಜಿಗ್ಗುಗಳಿಂದ ಹುಟ್ಟಿದ ಮೈ ಮೊದಲಿನ ಮೈಯ ತದ್ರೂಪ ಆಗುವುದಿಲ್ಲ. ಇಂದು ಕಾಣುವ ಕಾರು ಮೂಲದ ನಿಖರ ಪ್ರತಿಯಲ್ಲ ಎಂದು ಜಾಗ್ವಾರೇ ಹೇಳಿದೆ. ಸೇಯರ್ 1970ರಲ್ಲೇ ತೀರಿಕೊಂಡಿದ್ದರು. ಮರುಕಟ್ಟುವಾಗ ಗೆರೆ ಹೀಗಿರಲಿ, ಹಾಗೆ ಬೇಡ ಎನ್ನಲು ಅವರಿರಲಿಲ್ಲ.

ವ್ಯತ್ಯಾಸ ಎಲ್ಲಿದೆ ಎಂದು ನೋಡಲು ಚಕ್ರದ ಕಮಾನಿನ ಮೇಲೆ ಬೆರಳಾಡಿಸಿ. ಈ ಮಾದರಿಯಲ್ಲಿ ಕಮಾನಿನ ಅಂಚು ಹೊರಕ್ಕೆ ಚಾಚಿ ತುಟಿಯಂತೆ ಎದ್ದಿದೆ, ಅಗಲ ಚಕ್ರಕ್ಕೆ ಜಾಗ ಬಿಟ್ಟಂತೆ. ಅಪಘಾತಕ್ಕೂ ಮುಂಚಿನ ಚಿತ್ರಗಳನ್ನು ಪಕ್ಕಕ್ಕಿಟ್ಟು ನೋಡಿ: ಅಲ್ಲಿ ಮಡ್‌ಗಾರ್ಡಿನ ಉಬ್ಬು ನುಣ್ಣಗೆ ಇಳಿದು ಬಂದು ಚಕ್ರದ ಮೇಲೆ ಸದ್ದಿಲ್ಲದೆ ಮುಗಿಯುತ್ತದೆ. ಸಣ್ಣ ವ್ಯತ್ಯಾಸ, ಆದರೆ ಬದಿಯಿಂದ ನೋಡಿದಾಗ ಕಾರಿನ ನಿಲುವೇ ಬೇರೆಯಾಗುತ್ತದೆ. ಮೊದಲಿನದು ಹಗುರ, ಈಗಿನದು ಸ್ವಲ್ಪ ಬಿಗಿದು ನಿಂತ ಹಾಗೆ. ನನಗೆ ಮೊದಲಿನದೇ ಹೆಚ್ಚು ಚೆಂದ. ಇದು ಅಬ್ಬೆ ಪ್ಯಾನೆಲ್ಸ್‌ನವರ ಕೆಲಸವನ್ನು ಕೀಳುಮಾಡುವ ಮಾತಲ್ಲ, ಅವರಿಲ್ಲದಿದ್ದರೆ ನೋಡಲು ಕಾರೇ ಇರುತ್ತಿರಲಿಲ್ಲ.

ಮಾದರಿ ಮಾಡುವವರ ಕಷ್ಟವೂ ಅರ್ಥವಾಗುತ್ತದೆ. ಅಳತೆ ತೆಗೆಯಲು ಸಿಗುವುದು ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂನ ಕಾರು ಮಾತ್ರ, ಅದು ಮರುಕಟ್ಟಿದ್ದೇ. 1966ರ ಆಕಾರ ಬೇಕಾದರೆ ಹಳೆಯ ಕಪ್ಪುಬಿಳುಪು ಚಿತ್ರಗಳಿಂದ ಹೊಸ ಅಚ್ಚು ಮಾಡಬೇಕು, ಬಹಳ ಖರ್ಚಿನ ಕೆಲಸ. ಅದನ್ನು ನಾನು ಕೇಳುತ್ತಿಲ್ಲ. ಕೇಳುವುದು ಇಷ್ಟೇ: ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. 1973 ಎಂದು ಹಾಕಿದರೆ ಮಾದರಿ ಒಂದು ಕೂದಲೂ ತಪ್ಪಿಲ್ಲದ ಕೆಲಸವಾಗುತ್ತದೆ, ಮೇಲಾಗಿ ಬಿದ್ದು ಎದ್ದ ಕಾರಿನ ಇಡೀ ಕಥೆ ಆ ಒಂದು ಇಸವಿಯಲ್ಲಿ ಬರುತ್ತದೆ. 1966 ಎಂದು ಹಾಕಿದ್ದರಿಂದ ಅಪಘಾತವೇ ನಡೆದಿಲ್ಲ ಎಂದಂತಾಯಿತು.

ಉಳಿದ ಕುಂದುಗಳು ಬೇಗ ಮುಗಿಯುತ್ತವೆ. ಬಾಗಿಲಿನ ಸಂದು ಎಡಗಡೆ ಬಿಗಿ, ಬಲಗಡೆ ಸ್ವಲ್ಪ ಸಡಿಲ. ಟೈರಿನ ರಬ್ಬರ್ ತೀರಾ ಮೆದು, ಒಂದೇ ಭಂಗಿಯಲ್ಲಿ ಬಹಳ ಕಾಲ ನಿಂತರೆ ತಳ ಚಪ್ಪಟೆಯಾಗುವ ಲಕ್ಷಣ ಕಾಣುತ್ತದೆ. ಕಾರಿನ ಹೊಟ್ಟೆಯ ಕೆಳಗೆ ಒಂದು ಆಸರೆ ಕೊಟ್ಟು ಇಡುವುದು ಒಳ್ಳೆಯದು. ಸೀಟಿನ ಪಟ್ಟಿಗಳು ಪ್ಲಾಸ್ಟಿಕ್, ಬಟ್ಟೆಯದಾಗಿದ್ದರೆ ಚೆನ್ನಾಗಿತ್ತು. ಡ್ಯಾಶಿನ ಮೀಟರುಗಳ ಅಂಕಿ ಓದಲು ಬರುತ್ತದೆ, ಅದು ಸಂತೋಷ.

ಜಾಗ್ವಾರಿನ ಕಾರುಗಳನ್ನೇ ಕೂಡಿಸುವವರಿಗೆ ಒಂದು ಸಲಹೆ ಇದೆ. ಇದನ್ನು ಡಿ-ಟೈಪಿನ ಪಕ್ಕದಲ್ಲಿ ಇಡುವವರು ಹೆಚ್ಚು, ಯಾಕೆಂದರೆ ಎರಡೂ ಸೇಯರ್ ಅವರ ಗೆರೆ. ನನ್ನ ಕೇಳಿದರೆ 1988ರ ಎಕ್ಸ್‌ಜೆಆರ್-9 ರೇಸ್ ಕಾರಿನ ಪಕ್ಕ ಇಡಿ. ಆ ವರ್ಷ ಜಾಗ್ವಾರ್ 31 ವರ್ಷಗಳ ನಂತರ ಲ ಮಾನ್ ಗೆದ್ದದ್ದು ಏಳು ಲೀಟರಿನ ವಿ12ರಿಂದ. ಅದು ಮಾರಾಟದ ಕಾರಿನ ಎರಡು ಕ್ಯಾಮಿನ ವಿ12ರಿಂದ ಬೆಳೆದದ್ದು, ಆ ಎಂಜಿನ್ನಿನ ಹಿಂದಿರುವ ಕೆಲಸ ಶುರುವಾದದ್ದು ಎಕ್ಸ್‌ಜೆ13ರ ಕಾಲದಲ್ಲಿ. ಎರಡರ ಹಿಂದಿನ ಮುಚ್ಚಳವನ್ನೂ ಎತ್ತಿಟ್ಟರೆ ನಂಟು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಕೊಳ್ಳುವಾಗ ಮೂರು ಕಡೆ ನೋಡಿ. ಕಹಳೆಗಳು ಟೊಳ್ಳಾಗಿವೆಯೇ, ಕಾಕ್‌ಪಿಟ್ಟಿನ ರಿವೆಟ್ ಸಾಲು ಬಣ್ಣದಲ್ಲಿ ಮುಳುಗಿಲ್ಲ ತಾನೆ, ಮತ್ತು ಕಮಾನಿನ ಅಂಚಿಗೆ ತುಟಿ ಇದೆಯೇ ಇಲ್ಲವೇ. ತುಟಿ ಇಲ್ಲದ, ನುಣ್ಣನೆಯ ಕಮಾನಿನ 1966ರ ಮಾದರಿ ಯಾರಾದರೂ ಈ ಅಳತೆಯಲ್ಲಿ ಮಾಡಿದರೆ ಬೆಲೆ ನೋಡದೆ ಅದನ್ನೂ ಕೊಳ್ಳುತ್ತೇನೆ. ಸದ್ಯಕ್ಕೆ ನನ್ನ ಡಬ್ಬಿಯ ಮೇಲೆ ಬಿಳಿ ಚೀಟಿ ಅಂಟಿಸಿ ಇಸವಿ ತಿದ್ದಿದ್ದೇನೆ, ತಯಾರಕರಿಗೂ ಬರೆದಿದ್ದೇನೆ. ಮುಂದಿನ ಕಂತಿನ ಡಬ್ಬಿಯಲ್ಲಿ ಸರಿಪಡಿಸಿದರೆ ಇಲ್ಲೇ ತಿಳಿಸುತ್ತೇನೆ.